ಕಡತದ ಕಪಾಟಿನ ಪುನರ್ಜನ್ಮ

ಸಾಮಾನು ಇಡಲೆಂದು ಕಪಾಟು ಮಾಡಿಸುವುದು ಲೋಕರೂಢಿ. ಕಪಾಟನ್ನು ಇಡಲೆಂದೇ ಕೋಣೆ ಕಟ್ಟಿಸುವುದು ಸಂಗ್ರಾಹಕರ ರೂಢಿ. ಕಳೆದ ಶತಮಾನದ ನಡುವಿನ ದಶಕಗಳಲ್ಲಿ ತಯಾರಾದ ಮರದ ಬೀರು, ಪುಸ್ತಕದ ಕಪಾಟು, ಕಡತದ ರ‍್ಯಾಕುಗಳಿಗೆ ಈಗ ಜಗತ್ತಿನ ಹರಾಜುಕಟ್ಟೆಗಳಲ್ಲಿ ಸಲ್ಲುತ್ತಿರುವ ಮರ್ಯಾದೆ, ಅವುಗಳೊಳಗೆ ಇಟ್ಟಿದ್ದ ಯಾವ ಸಾಮಾನಿಗೂ ಎಂದೂ ಸಂದದ್ದಲ್ಲ. ಆ ಪಂಕ್ತಿಯಲ್ಲಿ ಚಂಡೀಗಢದ ಸರ್ಕಾರಿ ಕಚೇರಿಗಳ ಪೀಠೋಪಕರಣಗಳಿಗೆ ದೊರೆತಿರುವ ಎಲೆಯಂತೂ, ಜೀವಮಾನವಿಡೀ ಗುಮಾಸ್ತನಾಗಿ ಬೆನ್ನು ಬಾಗಿಸಿದವನು ನಿವೃತ್ತಿಯ ಮರುದಿನ ರಾಯಭಾರಿಯಾಗಿ ಪ್ಯಾರಿಸ್ಸಿಗೆ ಹೊರಟಂತಿದೆ.

ದೇಶವಿಭಜನೆಯಲ್ಲಿ ಲಾಹೋರನ್ನು ಕಳೆದುಕೊಂಡ ಪಂಜಾಬಿಗೆ ಹೊಸ ರಾಜಧಾನಿ ಬೇಕಾಗಿತ್ತು. 1951ರಲ್ಲಿ ಫ್ರಾನ್ಸಿನಿಂದ ವಾಸ್ತುಶಿಲ್ಪಿ ಲೆ ಕಾರ್ಬುಸಿಯರ್ ಬಂದು ಚಂಡೀಗಢ ಎಂಬ ಆ ಹೊಸ ನಗರದ ನಕ್ಷೆ ಹಾಕಿದರು. ಅವರು ಬಂದು ಹೋಗುತ್ತಿದ್ದವರು. ಅಲ್ಲಿಯೇ ನೆಲೆನಿಂತು 1965ರವರೆಗೆ ದುಡಿದವರು ಅವರ ದಾಯಾದಿ ಸೋದರ, ವಾಸ್ತುಶಿಲ್ಪಿ ಪಿಯರ್ ಜೆನರೆ. ಊರು ಎದ್ದು ನಿಂತ ಮೇಲೆ ಅದರೊಳಗೆ ಕೂರಲು ಕುರ್ಚಿ, ಕಡತ ಇಡಲು ಕಪಾಟು ಬೇಕಲ್ಲ! ಜೆನರೆ ಮತ್ತು ಯೂಲಿ ಚೌಧರಿಯವರಂಥ ಭಾರತೀಯ ಸಹೋದ್ಯೋಗಿಗಳು ಸಚಿವಾಲಯ, ಹೈಕೋರ್ಟು, ವಿಶ್ವವಿದ್ಯಾಲಯಗಳಿಗಾಗಿ ತೇಗ ಮತ್ತು ಶೀಶಮ್ ಮರದಲ್ಲಿ, ಸ್ಥಳೀಯ ಬಡಗಿಗಳ ಕೈಗೆ ಒಗ್ಗುವಂಥ ಸರಳ ವಿನ್ಯಾಸಗಳನ್ನು ಬರೆದುಕೊಟ್ಟರು. ಒಂದೇ ಕಾರ್ಖಾನೆಯಲ್ಲಿ ಅಲ್ಲದೆ ಹಲವು ಬಡಗಿಗಳ ಕೈಯಲ್ಲಿ ತಯಾರಾದದ್ದರಿಂದ ಒಂದು ಕಪಾಟಿನ ಅಳತೆ ಇನ್ನೊಂದಕ್ಕೆ ಪೂರ್ತಿ ಹೊಂದುವುದಿಲ್ಲ. ಆಗ ಅದನ್ನು ಬಡಗಿಯ ತಪ್ಪು ಎನ್ನಲಾಗುತ್ತಿತ್ತು. ಈಗ ಅದಕ್ಕೆ ಕರಕುಶಲತೆ ಎಂದು ಹೆಸರು.

ದಶಕಗಳು ಕಳೆದವು. ಉಕ್ಕಿನ ಬೀರು ಬಂತು, ಪ್ಲಾಸ್ಟಿಕ್ ಕುರ್ಚಿ ಬಂತು, ಗಾಲಿ ಹಚ್ಚಿದ ಕುರ್ಚಿ ಬಂತು. ಕಾಲು ಅಲುಗಾಡುವ ಮರದ ಕಪಾಟನ್ನು ಕಚೇರಿಯ ಭಾಷೆಯಲ್ಲಿ ‘ಕಂಡಂ’ ಮಾಡಲಾಯಿತು, ಅಂದರೆ ಕೆಲಸಕ್ಕೆ ಬಾರದ್ದೆಂದು ಷರಾ ಬರೆಯಲಾಯಿತು. ಈ ಪದದ ಮಹಿಮೆಯನ್ನು ಸರ್ಕಾರಿ ನೌಕರಿಯಲ್ಲಿ ಇದ್ದವರೇ ಬಲ್ಲರು. ಒಂದು ಮೊಳೆ ಹೊಡೆದರೆ ಸರಿಹೋಗುವ ವಸ್ತುವಿಗೆ ಮೊಳೆ ತರಿಸಲು ಮೂರು ಸಹಿ ಬೇಕು. ಅದನ್ನು ಕಂಡಂ ಮಾಡಲು ಒಂದು ಸಮಿತಿ ಸಾಕು. ಹಾಗೆ ಕಂಡಂ ಆದವು ಮಹಡಿಯ ಮೇಲೆ, ಹಿತ್ತಿಲಲ್ಲಿ, ಮೆಟ್ಟಿಲ ಕೆಳಗೆ ರಾಶಿ ಬಿದ್ದು ಮಳೆ ಬಿಸಿಲು ಕುಡಿದು, ಕೊನೆಗೆ ಗುಜರಿಯ ಲೆಕ್ಕದಲ್ಲಿ ಹರಾಜಾದವು. 1990ರ ದಶಕದ ಕೊನೆಯ ವೇಳೆಗೆ ಫ್ರಾನ್ಸಿನ ವ್ಯಾಪಾರಿಗಳು ಬಂದು ರಾಶಿರಾಶಿಯಾಗಿ ಕೊಂಡರು. ಕಳ್ಳತನವಲ್ಲ, ರಸೀದಿ ಪಡೆದು ಕೊಂಡರು. ಮಾರಿದವರು ಜಾಗ ಖಾಲಿಯಾಯಿತೆಂದು ನಿಟ್ಟುಸಿರು ಬಿಟ್ಟರು.

ಅಲ್ಲಿ ಹೋದ ಕಪಾಟಿಗೆ ಅಭ್ಯಂಜನವಾಯಿತು. ಉಜ್ಜಿದರು, ಎಣ್ಣೆ ಹಚ್ಚಿದರು, ಸಡಿಲವಾದ ಕೂಡುಗಳನ್ನು ಬಿಗಿದರು. ಆದರೆ ಎಷ್ಟು ಉಜ್ಜಿದರೂ ಒಂದು ಜಾಗವನ್ನು ಮಾತ್ರ ಮುಟ್ಟಲಿಲ್ಲ: ಪಕ್ಕದ ಹಲಗೆಯ ಮೇಲೆ ಯಾವನೋ ಜವಾನ ಅಚ್ಚಿನ ತಗಡು ಹಿಡಿದು, ಬಣ್ಣದಲ್ಲಿ ಸೊಟ್ಟಗೆ ಒತ್ತಿದ ಇಲಾಖೆಯ ಮೊದಲಕ್ಷರಗಳು ಮತ್ತು ಸಂಖ್ಯೆ. ‘ಇದು ಸರ್ಕಾರಿ ಸ್ವತ್ತು, ಹೊರಗೆ ಒಯ್ಯತಕ್ಕದ್ದಲ್ಲ’ ಎಂದು ಸಾರಲು ಬರೆದ ಆ ಗುರುತೇ ಈಗ ಹೊರಗೆ ಒಯ್ದ ವಸ್ತುವಿನ ಜಾತಕ. ಅಕ್ಷರ ಅಳಿಸಿದ್ದರೆ ಬೆಲೆ ಇಳಿಯುತ್ತದೆ, ಸ್ಪಷ್ಟವಾಗಿದ್ದರೆ ಏರುತ್ತದೆ. ವಿನ್ಯಾಸಕಾರರು ಎಲ್ಲಿಯೂ ಸಹಿ ಹಾಕಿಲ್ಲವಾದ್ದರಿಂದ, ಲಕ್ಷಗಟ್ಟಲೆ ರೂಪಾಯಿಯ ಈ ಕಲಾಕೃತಿಯ ಮೇಲಿರುವ ಏಕೈಕ ಹಸ್ತಾಕ್ಷರ ದಾಸ್ತಾನು ವಿಭಾಗದ್ದು. ಇದನ್ನು ಅರಿತ ನಕಲಿ ತಯಾರಕರು ಮೊದಲು ಕಲಿಯುವ ವಿದ್ಯೆ ಮರಗೆಲಸವಲ್ಲ, ಅಂಕಿಯನ್ನು ಸರಿಯಾದ ಪ್ರಮಾಣದಲ್ಲಿ ಸೊಟ್ಟಗೆ ಬರೆಯುವುದು.

ಇನ್ನು ಕಾಲುಗಳ ತುದಿ. ವರ್ಷಗಟ್ಟಲೆ ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿದ್ದರಿಂದ ಮರ ಅಲ್ಲಿ ಬೆರಳಗಲ ಕಪ್ಪಾಗಿರುತ್ತದೆ. ಕಚೇರಿಯಲ್ಲಿದ್ದಾಗ ಅದು ಕಂಡಂ ಮಾಡಲು ಸಾಕಷ್ಟು ಕಾರಣವಾಗಿತ್ತು. ಸಂಗ್ರಾಹಕರು ಅದೇ ಕಪ್ಪಿನ ಮುಂದೆ ಮೊಣಕಾಲೂರಿ, ಕನ್ನಡಕ ಸರಿಮಾಡಿಕೊಂಡು, ಕಾಲದ ಮುದ್ರೆ ಎಂದು ಮೆಲುದನಿಯಲ್ಲಿ ಹೇಳುತ್ತಾರೆ. ಮೇಲಿನ ಹಲಗೆಯಲ್ಲಿ ಚಹಾ ಲೋಟದ ಉಂಗುರ ಉಳಿದಿದ್ದರಂತೂ ಅವರ ಕಣ್ಣು ತೇವವಾಗುತ್ತದೆ. ಅದೇ ಭಕ್ತರ ಮನೆಯಲ್ಲಿ ಅತಿಥಿಯೊಬ್ಬ ಅದರ ಮೇಲೆ ಎರಡನೆಯ ಉಂಗುರ ಮೂಡಿಸಿದನೆಂದರೆ ಆ ಸ್ನೇಹ ಅಲ್ಲಿಗೆ ಮುಗಿಯಿತು.

ಕಪಾಟಿನೊಳಗೆ ಏನಿಡುತ್ತಾರೆ ಎಂದು ಕೇಳಬಾರದು. ಏನೂ ಇಡುವುದಿಲ್ಲ, ಇಟ್ಟರೆ ಹಲಗೆ ಬಾಗುತ್ತದೆ. ಹೆಚ್ಚೆಂದರೆ ಒಂದು ಮಣ್ಣಿನ ಹೂಜಿ, ಅದೂ ನೀರಿಲ್ಲದ್ದು. ಮನೆಯ ಬಟ್ಟೆಬರೆ, ಕಾಗದಪತ್ರಗಳೆಲ್ಲ ಯಾರಿಗೂ ಕಾಣದ ಕೋಣೆಯಲ್ಲಿ, ಹೆಸರಿಲ್ಲದ ಅಗ್ಗದ ಬೀರುವಿನಲ್ಲಿರುತ್ತವೆ.

ನಮ್ಮ ಕಡೆಯವರಿಗೂ ಜ್ಞಾನೋದಯವಾಗದೆ ಇರಲಿಲ್ಲ. ವಿದೇಶದ ಹರಾಜಿನ ಸುದ್ದಿ ಪತ್ರಿಕೆಗಳಲ್ಲಿ ಬರತೊಡಗಿದಂತೆ ಗುಜರಿ ಪರಂಪರೆಯಾಯಿತು. ಎಣಿಕೆ ನಡೆದು 12,793 ವಸ್ತುಗಳು ಪಟ್ಟಿಗೆ ಸೇರಿದವು. 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಇವುಗಳ ಮಾರಾಟ, ಹರಾಜು, ರಫ್ತುಗಳನ್ನು ತಡೆಯುವಂತೆ ಆದೇಶಿಸಿತು. ಆದರೆ ಅದಕ್ಕೆ ಮೊದಲೇ ರಸೀದಿ ಸಹಿತ ಸಮುದ್ರ ದಾಟಿದವುಗಳನ್ನು ಯಾವ ಬಾಯಿಯಿಂದ ವಾಪಸು ಕೇಳುವುದು? 1972ರ ಪ್ರಾಚ್ಯವಸ್ತು ಕಾಯಿದೆಯನ್ನು ತೆರೆದರೆ, ಪ್ರಾಚ್ಯವಸ್ತು ಎನಿಸಿಕೊಳ್ಳಲು ಹಸ್ತಪ್ರತಿಗೆ 75 ವರ್ಷ, ಮಿಕ್ಕ ಸಾಮಾನಿಗೆ 100 ವರ್ಷ ತುಂಬಿರಬೇಕು ಎನ್ನುತ್ತದೆ. ಅಂದರೆ 1955ರಲ್ಲಿ ಹುಟ್ಟಿದ ಕಪಾಟು ಕಾನೂನಿನ ಕಣ್ಣಿಗೆ 2055ರವರೆಗೂ ಬಾಲಕ. ಕಚೇರಿಯ ದೃಷ್ಟಿಯಲ್ಲಿ ಅದು ಮುದಿಯಾಗಿ ಎಷ್ಟೋ ಕಾಲವಾಯಿತು. ಕೆಲಸಕ್ಕೆ ಬಾರದಷ್ಟು ಹಳತು, ಕಾಪಾಡಲಾಗದಷ್ಟು ಹೊಸತು. ಈ ಎರಡು ಷರಾಗಳ ನಡುವಿನ ಸಂದಿನಲ್ಲಿ ಒಂದು ಹಡಗು ಸಲೀಸಾಗಿ ಹಾಯುತ್ತದೆ.

ಹೀಗಾಗಿ ಈಗ ನಡೆಯುವುದು ಪತ್ರ ವ್ಯವಹಾರ. ಹೊರದೇಶದಲ್ಲಿ ಹರಾಜು ನಡೆದಾಗಲೆಲ್ಲ ಇಲ್ಲಿಂದ ಕಳವಳದ ಪತ್ರ ಹೊರಡುತ್ತದೆ, ಅದರ ಪ್ರತಿಯನ್ನು ಕಡತಕ್ಕೆ ಸೇರಿಸಲಾಗುತ್ತದೆ, ಕಡತ ದಪ್ಪವಾಗುತ್ತದೆ. ಅದನ್ನು ಇಡಲು ಈಗ ಜಾಗ ಸಾಲುತ್ತಿಲ್ಲವಾಗಿ, ಹೊಸದೊಂದು ಉಕ್ಕಿನ ಬೀರು ಖರೀದಿಸಲು ಮಂಜೂರಾತಿ ಕೋರಿ ಟಿಪ್ಪಣಿ ಮಂಡಿಸುವುದು ಮಾತ್ರ ಬಾಕಿ.