ಹಸುವಿನದೇನೂ ತಪ್ಪಿರಲಿಲ್ಲ

ಹೇಳಿದ್ದು ತಲೆಗೆ ಹೋಗದವರನ್ನು ಕಂಡರೆ ನಾವು ‘ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ’ ಅನ್ನುತ್ತೇವೆ. ಚೀನೀಯರ ಹತ್ತಿರವೂ ಇದು ಇದೆ, ನಾಲ್ಕೇ ಅಕ್ಷರದಲ್ಲಿ: ‘ದುಯ್ ನ್ಯೂ ಥಾನ್ ಛಿನ್’. ಹಸುವಿನ ಎದುರು ಛಿನ್ ನುಡಿಸುವುದು. ಛಿನ್ ಅಂದರೆ ಮೇಜಿನ ಮೇಲೆ ಮಲಗಿಸಿಕೊಂಡು ಮೀಟುವ ಏಳು ತಂತಿಯ ವಾದ್ಯ. ಪಂಡಿತರ ವಾದ್ಯ ಅಂತ ಅದಕ್ಕೆ ಅಲ್ಲಿ ಭಾರೀ ಮರ್ಯಾದೆ.

ಇಂಥ ನುಡಿಗಟ್ಟುಗಳನ್ನು ಚೆಂಗ್‌ಯು ಅನ್ನುತ್ತಾರೆ. ಸಾವಿರಾರು ಇವೆ. ಶಾಲೆಯಲ್ಲಿ ಕಲಿಸುತ್ತಾರೆ. ಒಬ್ಬರು ಹೇಳಿದ್ದರ ಕೊನೆಯ ಅಕ್ಷರದಿಂದ ಇನ್ನೊಬ್ಬರು ಶುರು ಮಾಡುವ ಅಂತ್ಯಾಕ್ಷರಿ ಥರದ ಆಟವೂ ಇದೆ. ನಮ್ಮ ಕಡೆಗೆ ಮಾತ್ರ ಇವು ಬರುವುದು ವಾಟ್ಸಾಪಿನಲ್ಲಿ, ಬಿದಿರುಕಾಡಿನ ಫೋಟೋ ಮೇಲೆ ‘ಪ್ರಾಚೀನ ಚೀನಾದ ಜ್ಞಾನ’ ಅಂತ ಬರೆಸಿಕೊಂಡು. ನನ್ನ ತಕರಾರು ಇರುವುದು ಇಲ್ಲೇ. ಇವುಗಳಲ್ಲಿ ಒಳ್ಳೊಳ್ಳೆಯವೆಲ್ಲ ಹುಟ್ಟಿದ್ದು ವಾದದಲ್ಲಿ, ಜಗಳದಲ್ಲಿ. ಯಾರನ್ನೋ ಒಪ್ಪಿಸಬೇಕಿತ್ತು, ಇಲ್ಲಾ ಯಾರದೋ ಬಾಯಿ ಮುಚ್ಚಿಸಬೇಕಿತ್ತು. ಚಿತ್ರ ಉಳಿಯಿತು, ಜಗಳ ಮರೆತುಹೋಯಿತು. ಜಗಳ ಕಳೆದುಕೊಂಡ ಚೆಂಗ್‌ಯು ನನಗಂತೂ ಸಪ್ಪೆ.

ಹಸುವಿನದ್ದನ್ನೇ ನೋಡಿ. ಇದರ ಪೂರ್ತಿ ಕಥೆ ಇರುವುದು ಮೌಜಿ ಎಂಬಾತನ ಹೆಸರಿನಲ್ಲಿರುವ ಹಳೆಯ ಗ್ರಂಥದಲ್ಲಿ. ಭಾರತದಿಂದ ಬಂದ ಬೌದ್ಧಧರ್ಮದ ಪರವಾಗಿ ವಾದ ಮಾಡುವ ಗ್ರಂಥ ಅದು. ಎದುರಿಗಿರುವವರು ಕನ್‌ಫ್ಯೂಶಿಯಸ್‌ ಕಡೆಯವರು. ಅವರಲ್ಲೊಬ್ಬ ಕೇಳುತ್ತಾನೆ: ಬೌದ್ಧ ಸೂತ್ರಗಳು ನದಿ, ಸಮುದ್ರ ಇದ್ದ ಹಾಗೆ ಅಂತೀಯಲ್ಲ, ಮತ್ತೆ ಅವನ್ನು ಬಿಟ್ಟು ನಮ್ಮ ಗ್ರಂಥಗಳಿಂದಲೇ ಯಾಕೆ ಉತ್ತರ ಕೊಡುತ್ತೀಯ? ಪ್ರಶ್ನೆ ಚೂಪಾಗಿಯೇ ಇದೆ. ಮೌಜಿ ಉತ್ತರವಾಗಿ ಈ ಕಥೆ ಹೇಳುತ್ತಾನೆ. ಗೊಂಗ್‌ಮಿಂಗ್ ಯಿ ಅಂತ ಒಬ್ಬ ಹಸುವಿನ ಮುಂದೆ ಕೂತು ದೊಡ್ಡ ರಾಗವೊಂದನ್ನು ನುಡಿಸಿದ. ಹಸು ತಲೆ ಬಗ್ಗಿಸಿಕೊಂಡು ಹುಲ್ಲು ಮೇಯುತ್ತಲೇ ಇತ್ತು. ಅದಕ್ಕೆ ಕೇಳಿಸಲಿಲ್ಲ ಅಂತಲ್ಲ, ಅದರ ಕಿವಿಗೆ ಒಗ್ಗಲಿಲ್ಲ. ಆಮೇಲೆ ಅವನು ತಂತಿಯಲ್ಲಿ ನೊಣ, ಸೊಳ್ಳೆ ಗುಂಯ್‌ಗುಡುವ ಸದ್ದು ತೆಗೆದ. ತಾಯಿಯಿಲ್ಲದ ಕರು ಕೂಗುವುದನ್ನು ನುಡಿಸಿದ. ತಕ್ಷಣ ಹಸು ಬಾಲ ಬೀಸಿತು, ಕಿವಿ ನಿಮಿರಿಸಿತು, ಹೆಜ್ಜೆ ಇಡುತ್ತಾ ಕೇಳಿಸಿಕೊಂಡಿತು.

ಅಂದರೆ ಇದು ನುಡಿಸುವವನಿಗೆ ಹೇಳಿದ ಪಾಠ. ಕೇಳುವವರಿಗೆ ಗೊತ್ತಿರುವುದರಿಂದ ಶುರು ಮಾಡು ಅಂತ. ಇವತ್ತು ಚೀನಾದಲ್ಲೂ ಬಯ್ಯಿಸಿಕೊಳ್ಳುವುದು ಜಾಸ್ತಿ ಹಸುವೇ. ಕಥೆಯ ಎರಡನೇ ಅರ್ಧ ಉದುರಿಹೋಗಿದೆ. (ಕುರುಡರು ಆನೆ ಮುಟ್ಟಿ ನೋಡಿದ್ದು ಕೂಡ ಚೆಂಗ್‌ಯು ಆಗಿದೆ. ಅದು ಬೌದ್ಧ ಸೂತ್ರಗಳ ಜೊತೆ ನಮ್ಮ ಕಡೆಯಿಂದಲೇ ಹೋದದ್ದು.)

‘ಹಾವು ಬರೆದು ಕಾಲು ಸೇರಿಸು’ ಎಂಬುದು ಇನ್ನೊಂದು. ಹಳೆಯ ಚೀನಾದ ಚು ರಾಜ್ಯದ ಕೆಲವು ಆಳುಗಳಿಗೆ ಒಂದು ಪಾತ್ರೆ ಮದ್ಯ ಸಿಕ್ಕಿತು. ಎಲ್ಲರಿಗೂ ಹಂಚಿದರೆ ಸಾಲದು, ಒಬ್ಬನಿಗಾದರೆ ಧಾರಾಳ. ನೆಲದ ಮೇಲೆ ಯಾರು ಮೊದಲು ಹಾವು ಬರೆಯುತ್ತಾರೋ ಅವರಿಗೆ ಅಂತ ಪಂದ್ಯ ಕಟ್ಟಿದರು. ಮೊದಲು ಮುಗಿಸಿದವನು ಎಡಗೈಯಲ್ಲಿ ಪಾತ್ರೆ ಹಿಡಿದುಕೊಂಡು, ಬಲಗೈಯಲ್ಲಿ ಹಾವಿಗೆ ಕಾಲು ಬರೆಯುತ್ತಾ ಕೂತ. ಅಷ್ಟರಲ್ಲಿ ಇನ್ನೊಬ್ಬ ಮುಗಿಸಿ ಪಾತ್ರೆ ಕಿತ್ತುಕೊಂಡು, ‘ಹಾವಿಗೆಲ್ಲಿಯ ಕಾಲು!’ ಅಂತ ಕುಡಿದೇಬಿಟ್ಟ. ಆ ಎಡಗೈ, ಬಲಗೈ ವಿವರ ನನಗೆ ತುಂಬಾ ಇಷ್ಟ. ಗೆದ್ದವನ ಜಂಬ ಪೂರ್ತಿ ಅಲ್ಲೇ ಇದೆ.

ಆದರೆ ಇದನ್ನು ಹೇಳಿದ್ದು ಯಾರಿಗೆ? ಅದೇ ಚು ರಾಜ್ಯದ ಜಾವ್ ಯಾಂಗ್ ಎಂಬ ಸೇನಾಪತಿಗೆ. ಅವನು ವೆಯ್ ರಾಜ್ಯದ ಸೈನ್ಯವನ್ನು ಸೋಲಿಸಿ, ಅದೇ ಹುರುಪಿನಲ್ಲಿ ಛಿ ರಾಜ್ಯದ ಮೇಲೆ ಹೊರಟಿದ್ದ. ಛೆನ್ ಝೆನ್ ಎಂಬ ಮಾತುಗಾರ ಛಿ ಕಡೆಯಿಂದ ಬಂದು ಕೇಳಿದ: ನಿನಗೆ ಈಗಾಗಲೇ ಮುಖ್ಯಮಂತ್ರಿ ಪದವಿ ಇದೆ, ರಾಜ ಇಬ್ಬರು ಮುಖ್ಯಮಂತ್ರಿಗಳನ್ನು ಇಟ್ಟುಕೊಳ್ಳುತ್ತಾನಾ? ಇನ್ನು ಗೆದ್ದರೆ ಸಿಗುವುದೇನು? ಆಮೇಲೆ ಹಾವಿನ ಕಥೆ. ಸೇನಾಪತಿ ದಂಡು ವಾಪಸ್ ತೆಗೆದುಕೊಂಡು ಹೋದ. ಈಗ ಇದನ್ನು ಚಿತ್ರಕ್ಕೆ, ಬರಹಕ್ಕೆ ಅತಿಯಾಗಿ ಮೆರುಗು ಕೊಡಬೇಡಿ ಅನ್ನಲು ಬಳಸುತ್ತಾರೆ. ಒಂದು ಯುದ್ಧ ತಪ್ಪಿಸಿದ ಮಾತು ಸ್ವಾಮಿ ಅದು!

ಇನ್ನು ಮರದ ಬೊಡ್ಡೆಗೆ ಮೊಲ ಡಿಕ್ಕಿ ಹೊಡೆದು ಸತ್ತದ್ದನ್ನು ಕಂಡು, ನೇಗಿಲು ಬಿಟ್ಟು ಬೊಡ್ಡೆ ಕಾಯುತ್ತಾ ಕೂತ ರೈತ. ಸೋಮಾರಿಗಳಿಗೆ ಬುದ್ಧಿ ಹೇಳುವ ಕಥೆ ಅಂತ ಎಲ್ಲ ಕಡೆ ಓಡಾಡುತ್ತದೆ. ಬರೆದ ಹಾನ್ ಫೆಯ್ ಎಂಬ ಚಿಂತಕ ಗುರಿಯಿಟ್ಟಿದ್ದು ಬೇರೆಯವರಿಗೆ. ಹಿಂದಿನ ಕಾಲದ ರಾಜರ ನೀತಿಯಲ್ಲೇ ಇವತ್ತಿನ ಜನರನ್ನು ಆಳುತ್ತೇವೆ ಅನ್ನುವವರೆಲ್ಲ ಬೊಡ್ಡೆ ಕಾಯುವವರು ಎಂದ ಆತ. ಕ್ರಿ.ಪೂ. 233ರಲ್ಲಿ ಛಿನ್ ರಾಜ್ಯದ ಸೆರೆಯಲ್ಲಿ ಅವನು ಸತ್ತ. ‘ನಮ್ಮ ಕಾಲದಲ್ಲಿ ಹೀಗಿರಲಿಲ್ಲ’ ಅಂತ ಗುಡ್ ಮಾರ್ನಿಂಗ್ ಜೊತೆ ಕಳಿಸುವವರೇ ಈ ಮೊಲದ ಕಥೆಯನ್ನೂ ಕಳಿಸಿದಾಗ ನಗು ತಡೆಯುವುದು ಕಷ್ಟ.

ಕೆಲವೊಮ್ಮೆ ಒಬ್ಬನೇ ಮನುಷ್ಯ ಎರಡು ಚೆಂಗ್‌ಯುಗಳ ನಡುವೆ ಬದುಕಿರುತ್ತಾನೆ. ಶ್ಯಾಂಗ್ ಯು ಎಂಬ ಸೇನಾಪತಿ ಕ್ರಿ.ಪೂ. 207ರಲ್ಲಿ ನದಿ ದಾಟಿದ ಮೇಲೆ ದೋಣಿ ಮುಳುಗಿಸಿ, ಅಡುಗೆ ಪಾತ್ರೆಗಳನ್ನು ಒಡೆಸಿ, ಮೂರು ದಿನದ ಆಹಾರ ಮಾತ್ರ ಇಟ್ಟುಕೊಂಡು ಗೆದ್ದ. ಅದು ‘ಪಾತ್ರೆ ಒಡೆ, ದೋಣಿ ಮುಳುಗಿಸು’. ಕ್ರಿ.ಪೂ. 202ರಲ್ಲಿ ಅವನನ್ನೇ ಶತ್ರುಗಳು ಸುತ್ತುವರಿದರು. ರಾತ್ರಿ ನಾಲ್ಕೂ ದಿಕ್ಕಿನಿಂದ ಅವನ ಸ್ವಂತ ನಾಡಿನ ಹಾಡುಗಳು ಕೇಳಿಬಂದವು. ನಮ್ಮವರು ಇಷ್ಟೊಂದು ಜನ ಆಗಲೇ ಆ ಕಡೆ ಸೇರಿಬಿಟ್ಟರಾ ಅಂತ ಬೆಚ್ಚಿ ಎದ್ದು ಡೇರೆಯಲ್ಲಿ ಕುಡಿಯುತ್ತಾ ಕೂತ. ಅದು ‘ನಾಲ್ಕೂ ಕಡೆ ಚು ಹಾಡು’. ಪರೀಕ್ಷೆಗೆ ಕೂರುವ ಮಕ್ಕಳಿಗೆ ಹುರುಪು ತುಂಬಲು ಮೊದಲನೆಯದನ್ನು ಹೇಳುತ್ತಾರೆ. ಎರಡನೆಯದೂ ಅದೇ ಆಸಾಮಿಯದು ಅಂತ ಯಾರು ನೆನಪಿಸುತ್ತಾರೆ?

2014ರ ನವೆಂಬರಿನಲ್ಲಿ ಚೀನಾದ ಪ್ರಸಾರ ನಿಯಂತ್ರಣ ಇಲಾಖೆ ಟಿವಿ ಮತ್ತು ಜಾಹೀರಾತುಗಳಲ್ಲಿ ಚೆಂಗ್‌ಯು ತಿರುಚಬಾರದು ಅಂತ ಆದೇಶ ಹೊರಡಿಸಿತು. ‘ಒಂದು ಕ್ಷಣವೂ ತಡಮಾಡಬೇಡ’ ಎಂಬುದರ ಮೊದಲ ಅಕ್ಷರದ ಜಾಗದಲ್ಲಿ, ಅದೇ ಥರ ಕೇಳಿಸುವ ‘ಕೆಮ್ಮು’ ಕೂರಿಸಿದ್ದರು. ಮಕ್ಕಳ ಭಾಷೆ ಕೆಡುತ್ತದೆ ಅಂತ ಚಿಂತೆ. ನನಗೆ ಆ ಕೆಮ್ಮಿನ ತಮಾಷೆ ಹಿಡಿಸಿತು ಅಂದರೆ ಬಯ್ಯಬೇಡಿ. ಹಳೆಯ ದಾರ್ಶನಿಕ ಝುವಾಂಗ್‌ಜಿಯ ಒಂದು ಕಥೆಯಲ್ಲಿ ಮಂಗ ಸಾಕಿದವನು ಬೆಳಿಗ್ಗೆ ಮೂರು ಕಾಯಿ, ಸಂಜೆ ನಾಲ್ಕು ಕೊಡುತ್ತೇನೆ ಅಂದರೆ ಮಂಗಗಳು ಸಿಟ್ಟಾಗುತ್ತವೆ. ಬೆಳಿಗ್ಗೆ ನಾಲ್ಕು, ಸಂಜೆ ಮೂರು ಅಂದರೆ ಖುಷಿಯಾಗುತ್ತವೆ. ಒಟ್ಟು ಲೆಕ್ಕ ಅಷ್ಟೇ ಅಲ್ವಾ? ಆ ‘ಬೆಳಿಗ್ಗೆ ಮೂರು, ಸಂಜೆ ನಾಲ್ಕು’ ಇವತ್ತು ಮನಸ್ಸು ನಿಲ್ಲದವರನ್ನು, ದಿನಕ್ಕೊಬ್ಬರ ಹಿಂದೆ ಬೀಳುವ ಪ್ರೇಮಿಗಳನ್ನು ಬಯ್ಯುವ ಮಾತು. ಹಾಗೆ ತಿರುಚಿದ್ದು ಯಾವ ಜಾಹೀರಾತು ಕಂಪನಿಯೂ ಅಲ್ಲ.