ಮನೆ ಉಳಿಸೋದು ಯಾರಿಗೆ?

ಮೊನ್ನೆ ಭಾನುವಾರ ಚಿಕ್ಕಮ್ಮನ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ಅವರಿಗೆ ಲಕ್ವ ಹೊಡೆದು ಎಂಟು ತಿಂಗಳಾಯ್ತು. ಬಲಗೈಗೆ ಸ್ವಾಧೀನವಿಲ್ಲ, ಮಾತು ತೊದಲುತ್ತೆ, ಬುದ್ಧಿ ಮಾತ್ರ ಮೊದಲಿನಷ್ಟೇ ಚುರುಕು. ಹಗಲು ರಾತ್ರಿ ಇರುವ ಹೋಮ್ ನರ್ಸ್‌ಗೆ ತಿಂಗಳಿಗೆ 28 ಸಾವಿರ. ಡೈಪರ್, ಫಿಸಿಯೋಥೆರಪಿ, ಮಾತ್ರೆ ಬೇರೆ. ಚಿಕ್ಕಪ್ಪನ ಫ್ಯಾಮಿಲಿ ಪೆನ್ಷನ್ ಬರೋದು 19 ಸಾವಿರ. ಎಫ್‌ಡಿ ಕರಗಿದ ಮೇಲೆ ಮನೆಗೇ ಕೈ ಹಾಕಬೇಕಾಗುತ್ತೆ, ಅಷ್ಟರೊಳಗೆ ನಮ್ಮ ಹೆಸರಿಗೆ ದಾನಪತ್ರ ಮಾಡಿಸಿಕೊಂಡು ಆಸ್ತಿ ಉಳಿಸೋಣ ಅಂತ ದೊಡ್ಡ ಮಗ ಅಂದ.

ಅವನು ಕೆಟ್ಟವನಲ್ಲ. ಆದರೂ ನನಗೆ ತಡೆಯಲಾಗಲಿಲ್ಲ. ಆ ಮನೆ ಅವರ ಕೊನೆಗಾಲಕ್ಕೆ ಆಗದೆ ಇನ್ಯಾವಾಗ ಆಗಬೇಕು?

ದಾನಪತ್ರ ರಿಜಿಸ್ಟರ್ ಆದರೆ ಸುಮ್ಮನೆ ವಾಪಸ್ ತಗೊಳ್ಳೋಕಾಗಲ್ಲ. ವಿಲ್ ಆದರೆ ಬದುಕಿರುವವರೆಗೂ ಬದಲಾಯಿಸಬಹುದು, ಮನೆಯೂ ಅವರ ಹೆಸರಲ್ಲೇ ಇರುತ್ತೆ. ದಾನ ಮಾಡಲೇಬೇಕಿದ್ದರೆ 'ಕೊನೆಯವರೆಗೂ ನೋಡಿಕೊಳ್ಳಬೇಕು' ಎಂಬ ಷರತ್ತು ಪತ್ರದಲ್ಲೇ ಇರಲಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ, ಅಂಥ ಷರತ್ತು ಮುರಿದರೆ ಪತ್ರ ರದ್ದು ಮಾಡಿಸಬಹುದು. ಷರತ್ತೇ ಇಲ್ಲದ ಪ್ರಕರಣವೊಂದರಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್ ತಾಯಿಯ ಪರ ನಿಲ್ಲಲಿಲ್ಲ. ಷರತ್ತು ಬರೆದಿದ್ದ ಮಧ್ಯಪ್ರದೇಶದ ತಾಯಿಗೆ 2025ರ ಜನವರಿಯಲ್ಲಿ ಅದೇ ಕೋರ್ಟ್ ಆಸ್ತಿ ವಾಪಸ್ ಕೊಡಿಸಿತು. ಒಂದು ಸಾಲಿನ ಬೆಲೆ ಅಷ್ಟು.

ಇನ್ನೊಂದು ಮಾತು, ಇದು ನಾವೇ ಅನುಭವಿಸಿದ್ದು. ಅಪ್ಪನಿಗೆ ಮರೆವಿನ ಕಾಯಿಲೆ ಬಂದಾಗ ನನ್ನ ಕೈಯಲ್ಲಿ ಜಿಪಿಎ, ಅಂದರೆ ಅವರ ಪರವಾಗಿ ವ್ಯವಹಾರ ಮಾಡೋಕೆ ಅವರೇ ಬರೆದುಕೊಟ್ಟ ಅಧಿಕಾರಪತ್ರ ಇತ್ತು, ಧೈರ್ಯವಾಗಿದ್ದೆ. ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಜಿಪಿಎ ಕೂಡ ಮುಗಿದಂತೆ ಅಂತ ವಕೀಲರು ಹೇಳಿದಾಗಲೇ ಗೊತ್ತಾಗಿದ್ದು. ಸಹಿ ಹೊಂದಲ್ಲ ಅಂತ ಬ್ಯಾಂಕಿನವರು ಚೆಕ್ ತಗೊಳ್ಳಲಿಲ್ಲ. ನಾಮಿನಿ ಆಗಿದ್ದೆ, ಆದರೆ ಅಪ್ಪ ಬದುಕಿರುವಾಗ ಅದು ಉಪಯೋಗಕ್ಕೆ ಬರಲ್ಲ. ಅವರದೇ ದುಡ್ಡು ಅಲ್ಲೇ ಇದ್ದರೂ ನರ್ಸ್ ಸಂಬಳಕ್ಕೆ ನಾನು ಬಳೆ ಅಡ ಇಟ್ಟೆ. ಬುದ್ಧಿ ಚೆನ್ನಾಗಿರುವಾಗಲೇ ಖಾತೆಯನ್ನು 'ಐದರ್ ಆರ್ ಸರ್ವೈವರ್' ಜಂಟಿ ಖಾತೆ ಮಾಡಿಸಿ. ಅದೂ ನಂಬಿಕೆ ಇರುವವರ ಜೊತೆ ಮಾತ್ರ, ಯಾಕಂದ್ರೆ ಆಮೇಲೆ ಒಬ್ಬರೇ ಹೋಗಿ ದುಡ್ಡು ತೆಗೆಯಬಹುದು.

ಭಾನುವಾರ ಎರಡು ಗಂಟೆ ಚರ್ಚೆ ಆಯ್ತು. ಪಕ್ಕದ ಮಂಚದಲ್ಲೇ ಇದ್ದ ಚಿಕ್ಕಮ್ಮನನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಕೊನೆಗೆ ನಾನೇ ಹೋಗಿ, "ನೀವೇನಂತೀರಿ ಚಿಕ್ಕಮ್ಮಾ?" ಅಂದೆ. ಎಡಗೈ ಮೇಲೆತ್ತಿ ಮಹಡಿ ತೋರಿಸಿದರು. "ಬಾ... ಬಾಡಿಗೆಗೆ ಕೊಡಿ."

ಈ ವಾರ ಮಹಡಿಗೆ ಸುಣ್ಣ ಹೊಡೆಸುತ್ತಿದ್ದೇವೆ.