ಭಯದ ಚಿತ್ರಗಳು: ಹಿಂದಿನವೇ ಗಟ್ಟಿಯೇ?

ವಿಷಯ: ದಶಕಗಳು ಕಳೆದಂತೆ ಭಯಾನಕ ಚಿತ್ರಗಳ ಗುಣಮಟ್ಟ ಕುಸಿಯುತ್ತ ಬಂದಿದೆ. ಪರವಾಗಿ ಬರೆದವರು ಮಾಲೂರು ತಾಲ್ಲೂಕಿನ ಒಬ್ಬ ನಿವೃತ್ತ ನೌಕರರು. ವಿರೋಧವಾಗಿ ಬರೆದವರು ಕೋಲಾರದ ಒಬ್ಬ ಉಪನ್ಯಾಸಕಿ.

ಪರ: ಹೆದರಿಸುವುದಕ್ಕೆ ತಾಳ್ಮೆ ಬೇಕು

ಕುಸಿದಿದೆ ಎಂದೇ ನನ್ನ ಅಭಿಪ್ರಾಯ. ಈ ಬಗೆಯ ಚಿತ್ರಗಳನ್ನು ಚಿಕ್ಕಂದಿನಿಂದ ಹುಡುಕಿಕೊಂಡು ಹೋಗಿ ನೋಡಿದವನು ನಾನು. ಈಗಲೂ ಹೊಸದೊಂದು ಬಂದರೆ ಬಿಡುವುದಿಲ್ಲ. ಆದರೆ ಚಿತ್ರಮಂದಿರದಿಂದ ಹೊರಬಂದು ಬಸ್ ನಿಲ್ದಾಣ ಮುಟ್ಟುವಷ್ಟರಲ್ಲಿ ಮರೆತುಹೋಗುವ ಚಿತ್ರಗಳೇ ಈಗ ಹೆಚ್ಚು. ಹಳೆಯವು ಮನೆಯವರೆಗೂ ಬರುತ್ತಿದ್ದವು. ಹಿತ್ತಿಲ ಬಾಗಿಲಿಗೆ ಚಿಲಕ ಹಾಕಿದ್ದೇವೆಯೇ ಎಂದು ಮಲಗಿದವರನ್ನು ಎಬ್ಬಿಸುತ್ತಿದ್ದವು.

1960ರಲ್ಲಿ ಬಂದ ಹಿಚ್‌ಕಾಕ್ ಅವರ 'ಸೈಕೋ' ಚಿತ್ರದ ಸ್ನಾನದ ಕೋಣೆಯ ಕೊಲೆಯನ್ನೇ ನೋಡಿ. ಕೊಲೆ ನಡೆಯುವುದು ಒಂದು ನಿಮಿಷಕ್ಕೂ ಕಡಿಮೆ ಹೊತ್ತು. ಪರದೆಯ ಆಚೆ ಒಂದು ನೆರಳು, ಎತ್ತಿದ ಕೈ, ಚೀರುವ ಬಾಯಿ, ಗೋಡೆಯ ಮೇಲೆ ಜಾರುವ ಬೆರಳುಗಳು. ಆಮೇಲೆ ಆಕೆ ಪರದೆಯನ್ನು ಹಿಡಿದು ಕುಸಿಯುತ್ತಾಳೆ. ಪರದೆಯ ಕೊಂಡಿಗಳು ಒಂದೊಂದಾಗಿ ಕಿತ್ತು ಬರುತ್ತವೆ. ಕಣ್ಣಿಗೆ ಕಂಡದ್ದಕ್ಕಿಂತ ಮನಸ್ಸು ಕಟ್ಟಿಕೊಂಡದ್ದೇ ಹೆಚ್ಚು. ನೀರಿನಲ್ಲಿ ಸುತ್ತಿ ಇಳಿದುಹೋಗುವ ರಕ್ತ ನಿಜವಾಗಿ ಚಾಕೊಲೆಟ್ ಪಾಕ. ಚಿತ್ರ ಕಪ್ಪು-ಬಿಳುಪು, ಹಾಗಾಗಿ ಅಷ್ಟೇ ಸಾಕಾಯಿತು. ಬರ್ನಾರ್ಡ್ ಹರ್ಮನ್ ಬರೀ ತಂತಿವಾದ್ಯಗಳಲ್ಲಿ ಕಟ್ಟಿದ ಆ ಸಂಗೀತವನ್ನು ಇವತ್ತಿಗೂ ಅನುಕರಿಸುತ್ತಲೇ ಇದ್ದಾರೆ. 1973ರ 'ಎಕ್ಸಾರ್ಸಿಸ್ಟ್' ಚಿತ್ರದಲ್ಲಿ ಪಾತ್ರಗಳ ಉಸಿರು ಹೊಗೆಯಾಗಿ ಕಾಣಬೇಕಿತ್ತು. ಅದಕ್ಕಾಗಿ ಮಲಗುವ ಕೋಣೆಯ ಇಡೀ ಸೆಟ್ಟನ್ನೇ ಯಂತ್ರಗಳಿಂದ ಕೊರೆಯುವಂತೆ ತಣ್ಣಗೆ ಮಾಡಿದರು. ನಟರು ನಿಜವಾಗಿಯೂ ನಡುಗಿದರು. ಕಂಪ್ಯೂಟರಿನಲ್ಲಿ ಬರೆದ ಹೊಗೆಗೆ ಆ ನಡುಕ ಬರುವುದಿಲ್ಲ.

ಕನ್ನಡಕ್ಕೆ ಬರೋಣ. 1979ರ 'ನಾ ನಿನ್ನ ಬಿಡಲಾರೆ' ಚಿತ್ರವನ್ನು ನಮ್ಮ ಕಡೆ ಕಂಡವರಾರೂ ಮರೆತಿಲ್ಲ. ದೆವ್ವ ಹಿಡಿಯುವುದು ಹೆಣ್ಣಿಗೇ ಎಂದು ನಂಬಿದ್ದ ಕಾಲದಲ್ಲಿ ಅದು ಗಂಡಿನ ಮೈಮೇಲೆ ಹೆಣ್ಣಿನ ಆತ್ಮವನ್ನು ತಂದಿತು. ಅನಂತ್ ನಾಗ್ ಅವರ ನೋಟ ಬದಲಾಗುವುದನ್ನು ನಾವು ಲಕ್ಷ್ಮಿಯವರ ಮುಖದಲ್ಲಿ ನೋಡುತ್ತೇವೆ. ಜೊತೆಗೆ ಊಟಕ್ಕೆ ಕೂರುವ, ಪಕ್ಕದಲ್ಲೇ ಮಲಗುವ ಗಂಡ ಬೇರೆ ಯಾರೋ ಆಗಿಬಿಟ್ಟಿದ್ದಾನೆ ಎಂಬ ದಿಗಿಲು ಅದು. ಪಾಳುಬಂಗಲೆಯ ಹಂಗಿಲ್ಲದೆ ಸಾಮಾನ್ಯ ಸಂಸಾರದೊಳಗೇ ಭಯವನ್ನು ಇಟ್ಟರು. ಹಿಂದಿಯವರು ಅದನ್ನು ನಮ್ಮಿಂದ ಪಡೆದು 1981ರಲ್ಲಿ ತಮ್ಮ ಚಿತ್ರ ಮಾಡಿಕೊಂಡರು.

ಆಗ ನೋಡುವ ರೀತಿಯೂ ಬೇರೆ. ಟೂರಿಂಗ್ ಟಾಕೀಸಿನ ಡೇರೆಗೆ ಹಗಲು ಬೆಳಕು ನುಗ್ಗುತ್ತಿದ್ದುದರಿಂದ ಕತ್ತಲಾಗದೆ ಆಟ ಶುರುವಾಗುತ್ತಿರಲಿಲ್ಲ. ನೆಲದ ಮೇಲೆ ನೂರಾರು ಜನ ಒತ್ತಿಕೊಂಡು ಕುಳಿತು ಒಟ್ಟಿಗೆ ಉಸಿರು ಬಿಗಿಹಿಡಿಯುತ್ತಿದ್ದರು. ಎರಡನೆಯ ಆಟ ಮುಗಿಸಿ ಕೆರೆ ಏರಿಯ ಮೇಲೆ ಹಳ್ಳಿಗೆ ನಡೆಯಬೇಕು. ಕೋಲಾರದ ಚಿನ್ನದ ಗಣಿಗೆ 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ಬಂದಿತ್ತು. ಸುತ್ತಲ ಹಳ್ಳಿಗಳು ಅದಾದ ಎಷ್ಟೋ ದಶಕ ಬುಡ್ಡಿ ದೀಪದಲ್ಲೇ ಇದ್ದವು. ಆ ಕತ್ತಲೆಯನ್ನು ಅರಿತವರು ಮಾಡಿದ ಚಿತ್ರ, ಆ ಕತ್ತಲೆಯನ್ನು ಅರಿತವರು ನೋಡಿದ ಚಿತ್ರ. ತೊಂಬತ್ತರ ದಶಕದಲ್ಲಿ, ರಾತ್ರಿ ಬಾಗಿಲು ತಟ್ಟುವ ದೆವ್ವ ಓದಿ ಹಿಂದಿರುಗಲಿ ಎಂದು ಮನೆಮನೆಯ ಬಾಗಿಲಿಗೆ 'ನಾಳೆ ಬಾ' ಎಂದು ಬರೆದಿದ್ದು ಅನೇಕರಿಗೆ ನೆನಪಿರಬಹುದು. ರಾತ್ರಿ ಯಾರೋ ಪರಿಚಿತರ ದನಿಯಲ್ಲಿ ಕರೆದರೆ ಓಗೊಡಬಾರದು ಎಂದು ಹಿರಿಯರು ಮಕ್ಕಳಿಗೆ ಹೇಳಿಕೊಟ್ಟಿದ್ದರು.

ಇವತ್ತು ಅದೇ ಚಿತ್ರವನ್ನು ಮೊಬೈಲಿನಲ್ಲಿ, ನಡುವೆ ನಿಲ್ಲಿಸಿ ಕಾಫಿ ಕುಡಿದು ನೋಡುತ್ತಾರೆ. ಇದನ್ನು ಬಲ್ಲ ನಿರ್ದೇಶಕರು ಐದು ನಿಮಿಷಕ್ಕೊಮ್ಮೆ ಬೆಚ್ಚಿಬೀಳಿಸಲೇಬೇಕು ಎಂದುಕೊಂಡಿದ್ದಾರೆ. ಮೊದಲು ಮೌನ, ಆಮೇಲೆ ಕಿವಿಗಡಚಿಕ್ಕುವ ಸದ್ದು, ಕೂದಲು ಕೆದರಿದ ಮುಖ. ಬೆಚ್ಚುವುದು ಕಿವಿಯ ಕೆಲಸ, ಹೆದರುವುದು ಮನಸ್ಸಿನ ಕೆಲಸ. ಸಾಲದ್ದಕ್ಕೆ ಕಥೆಗಳೂ ಎರವಲು: 2012ರಲ್ಲಿ ಬಂದ 'ಕಲ್ಪನಾ' ತಮಿಳಿನಿಂದ, 'ಚಾರುಲತಾ' ಥಾಯ್ಲೆಂಡಿನಿಂದ. ನಮ್ಮ ಹುಣಸೆಮರ, ನಮ್ಮ ಕೆರೆ, ನಮ್ಮ ಬಾಗಿಲ ಮೇಲಿನ ಬರಹ ಇವ್ಯಾವುವೂ ನಮ್ಮವರ ಕಣ್ಣಿಗೆ ಬೀಳಲಿಲ್ಲ. 'ನಾಳೆ ಬಾ' ನಂಬಿಕೆಯನ್ನು ಇಟ್ಟುಕೊಂಡು 2018ರಲ್ಲಿ ದೊಡ್ಡ ಚಿತ್ರ ಮಾಡಿ ಗೆದ್ದವರು ಹಿಂದಿಯವರು. ಇದು ನನಗೆ ಇಂದಿಗೂ ನೋವಿನ ಸಂಗತಿ.

ವಿರೋಧ: ನೆನಪು ಸೋಸಿ ಕೊಟ್ಟದ್ದನ್ನು ನಂಬಬೇಡಿ

ಹಿರಿಯರು ಮೆಚ್ಚಿದ ಮೂರೂ ಚಿತ್ರಗಳು ನನಗೂ ಪ್ರಿಯವಾದವು. ಆದರೆ ಅವರು ಹಿಂದಿನ ದಶಕಗಳ ಅತ್ಯುತ್ತಮವನ್ನು ಇಂದಿನ ಸಾಧಾರಣದ ಎದುರು ನಿಲ್ಲಿಸಿದ್ದಾರೆ. ಜರಡಿಯಲ್ಲಿ ಉಳಿದ ರಾಗಿಯನ್ನಷ್ಟೇ ತೋರಿಸಿ ಆ ವರ್ಷದ ಫಸಲಿನಲ್ಲಿ ಹೊಟ್ಟೇ ಇರಲಿಲ್ಲ ಎಂದಂತೆ ಇದು. ಎಂಬತ್ತರ ದಶಕದ ಹಿಂದಿ ದೆವ್ವದ ಚಿತ್ರಗಳನ್ನು ಒಮ್ಮೆ ಕುಳಿತು ನೋಡಲಿ. ರಾಮ್ಸೆ ಸೋದರರ 'ಪುರಾನಾ ಮಂದಿರ್' 1984ರಲ್ಲಿ ಚೆನ್ನಾಗಿ ಓಡಿತು, ನಿಜ. ಆ ಓಟವನ್ನು ಕಂಡು ಬಂದವುಗಳ ಪಾಡೇನು? ಹವೇಲಿ, ಶಾಪ, ಮಾಂತ್ರಿಕ, ರಬ್ಬರಿನ ಮುಖವಾಡ, ನಡುವೆ ಕಥೆಗೆ ಸಂಬಂಧವೇ ಇಲ್ಲದ ಹಾಸ್ಯದ ಎಳೆ. ರಾತ್ರಿ ಎಂದು ತೋರಿಸುವ ದೃಶ್ಯವನ್ನು ಹಗಲಿನಲ್ಲೇ ನೀಲಿ ಗಾಜು ಹಾಕಿ ತೆಗೆದಿದ್ದರೆ ನೆಲದ ಮೇಲೆ ಬಿಸಿಲಿನ ನೆರಳು ಹಾಗೇ ಬಿದ್ದಿರುತ್ತಿತ್ತು. ಅವುಗಳನ್ನು ಕಾಲ ತಳ್ಳಿಹಾಕಿತು. ಈಗಿನ ಕೆಟ್ಟವುಗಳನ್ನು ತಳ್ಳಿಹಾಕಲು ಇನ್ನೂ ಪುರಸೊತ್ತಾಗಿಲ್ಲ.

ಸದ್ದು ಮಾಡಿ ಬೆಚ್ಚಿಬೀಳಿಸುವುದು ಇಂದಿನ ಕಾಯಿಲೆ ಎಂಬುದೂ ಸರಿಯಲ್ಲ. 1942ರ 'ಕ್ಯಾಟ್ ಪೀಪಲ್' ಚಿತ್ರದಲ್ಲಿ ಹೆಂಗಸೊಬ್ಬಳು ರಾತ್ರಿ ಒಂಟಿಯಾಗಿ ನಡೆಯುತ್ತಿರುತ್ತಾಳೆ. ಹಿಂದೆ ಏನೋ ಬರುತ್ತಿದೆ ಎಂದು ನಮಗನಿಸುತ್ತದೆ. ಆಗ ಇದ್ದಕ್ಕಿದ್ದಂತೆ ಬುಸ್ಸೆಂದು ಬಂದು ನಿಲ್ಲುವುದು ಬಸ್ಸು! ಆ ತಂತ್ರಕ್ಕೆ ಎಂಬತ್ತು ವರ್ಷ ದಾಟಿದೆ. ಎರವಲಿನ ಮಾತೂ ಅಷ್ಟೆ. 'ಸೈಕೋ', 'ಎಕ್ಸಾರ್ಸಿಸ್ಟ್' ಎರಡೂ ಕಾದಂಬರಿಯಿಂದ ಬಂದವು. ಕಥೆ ಎಲ್ಲಿಂದ ಬಂತು ಎನ್ನುವುದಕ್ಕಿಂತ ಅದು ನಮ್ಮ ನೆಲದಲ್ಲಿ ಬೇರು ಬಿಟ್ಟಿತೇ ಎಂದು ಕೇಳಬೇಕು.

ಅದಕ್ಕೆ 2004ರ 'ಆಪ್ತಮಿತ್ರ'ಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಮೂಲ 1993ರ ಮಲಯಾಳದ 'ಮಣಿಚಿತ್ರತ್ತಾಳ್'. ಅಲ್ಲಿ ನರ್ತಕಿಯ ಆತ್ಮ ತಮಿಳಿನಲ್ಲಿ ಮಾತನಾಡುತ್ತದೆ. ಇಲ್ಲಿ ನಾಗವಲ್ಲಿಯ ಬಾಯಲ್ಲಿ ತೆಲುಗು ಬಂತು. ರಾಜ್ಯದ ಬೇರೆ ಕಡೆಯವರಿಗೆ ಅದು ಅರ್ಥವಾಗದ ದೂರದ ದನಿಯಾಗಿ ಹೆದರಿಸಿರಬಹುದು. ನಮ್ಮಲ್ಲಿ ಹಾಗಾಗಲಿಲ್ಲ. ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆಯ ಎಷ್ಟೋ ಮನೆಗಳಲ್ಲಿ ಅಡುಗೆಮನೆಯ ಮಾತು ತೆಲುಗು, ಶಾಲೆಯ ಮಾತು ಕನ್ನಡ. ಅಜ್ಜಿ ಲಾಲಿ ಹಾಡಿದ ಭಾಷೆಯಲ್ಲೇ ಆ ಹೆಂಗಸು ಸೇಡಿನ ಮಾತಾಡಿದಳು. ಸೌಂದರ್ಯ ಅವರ ಕಣ್ಣುಗಳು ಅಗಲವಾಗುತ್ತ ಹೋಗಿ, ಕನ್ನಡ ತೊದಲಿ, ಅದರ ಜಾಗದಲ್ಲಿ ತೆಲುಗು ನೆಟ್ಟಗೆ ಎದ್ದು ನಿಲ್ಲುವ ಆ ಕ್ಷಣವನ್ನು ಬೇರೆ ಯಾವ ಜಿಲ್ಲೆಯವರೂ ನಾವು ಕಂಡಷ್ಟು ಹತ್ತಿರದಿಂದ ಕಂಡಿರಲಾರರು ಎಂದು ನನಗನಿಸುತ್ತದೆ. ಸೌಂದರ್ಯ ಮುಳಬಾಗಿಲಿನ ಕಡೆಯವರೇ. ಆ ವರ್ಷದ ಏಪ್ರಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ಅವರು ತೀರಿಕೊಂಡರು. ಚಿತ್ರ ತೆರೆಗೆ ಬಂದದ್ದು ಆಗಸ್ಟ್‌ನಲ್ಲಿ. ಇನ್ನಿಲ್ಲವಾದ ನಮ್ಮೂರ ಹೆಣ್ಣುಮಗಳು ತೆರೆಯ ಮೇಲೆ ಸತ್ತವಳೊಬ್ಬಳ ದನಿಯಾಗಿ ಮಾತನಾಡುವುದನ್ನು ಕೋಲಾರದ ಜನ ಉಸಿರು ಬಿಡದೆ ನೋಡಿದರು. ಚಿತ್ರ ಮುಗಿದ ಮೇಲೂ ಹೆಂಗಸರು ಎದ್ದು ಹೋಗದೆ ಕಣ್ಣೊರೆಸಿಕೊಳ್ಳುತ್ತ ಕುಳಿತಿದ್ದರು.

ಇನ್ನೊಂದು ಸಂಗತಿಯನ್ನು ನಾನು ಒತ್ತಿ ಹೇಳಲೇಬೇಕು. 'ನಾ ನಿನ್ನ ಬಿಡಲಾರೆ'ಯಲ್ಲಿ ಬಿಡುಗಡೆ ಬರುವುದು ಹೆಂಡತಿಯ ಭಕ್ತಿಯಿಂದ. 'ಆಪ್ತಮಿತ್ರ'ದಲ್ಲಿ ವಿಷ್ಣುವರ್ಧನ್ ಮನೋವೈದ್ಯ. ಮಂತ್ರವಾದಿ ಅಲ್ಲಿಯೂ ಬರುತ್ತಾರೆ, ಆದರೆ ಸೌಂದರ್ಯ ಅಭಿನಯಿಸಿದ ಗಂಗಾಳನ್ನು ರೋಗಿಯೆಂದು ಮೊದಲು ಗುರುತಿಸುವವರು ವೈದ್ಯರು. ಮೈಮೇಲೆ ಬಂದಿದೆ ಎಂದು ಹೆಣ್ಣುಮಕ್ಕಳನ್ನು ಬೇವಿನ ಸೊಪ್ಪಿನಲ್ಲಿ ಹೊಡೆಯುವುದನ್ನು ಕಂಡು ಬೆಳೆದವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಹಳೆಯ ಚಿತ್ರಗಳಲ್ಲಿ ಬಿಳಿ ಸೀರೆಯ ಹೆಣ್ಣು ಓಡಿಸಬೇಕಾದ ಪೀಡೆಯಾಗಿದ್ದಳು. ಆಕೆಗೆ ಅನ್ಯಾಯ ಮಾಡಿದವರು ಯಾರು ಎಂಬ ಪ್ರಶ್ನೆ ಬಂದರೂ ಒಂದು ಹಾಡಿನಲ್ಲಿ ಮುಗಿಯುತ್ತಿತ್ತು. ಈಗಿನ ಒಳ್ಳೆಯ ಚಿತ್ರಗಳು ಆ ಪ್ರಶ್ನೆಯಿಂದಲೇ ಶುರುವಾಗುತ್ತವೆ.

2018ರ 'ತುಂಬಾಡ್' ಚಿತ್ರವನ್ನು ಎಡೆಬಿಡದ ಮಳೆಯನ್ನು ಹಿಡಿಯಲೆಂದೇ ಹಲವು ಮಳೆಗಾಲಗಳಲ್ಲಿ ಚಿತ್ರೀಕರಿಸಿದರು. ಹಿರಿಯರು ಕೇಳುವ ತಾಳ್ಮೆ ಇದೇ ಅಲ್ಲವೇ? ಅಲ್ಲಿ ಹೆದರಿಸುವುದು ದುರಾಸೆ. ತಂದೆ ಮಗನಿಗೆ ಅದನ್ನು ವಿದ್ಯೆಯೆಂಬಂತೆ ಕಲಿಸುವುದನ್ನು ನೋಡಿ ಹೊಟ್ಟೆ ತೊಳಸುತ್ತದೆ. ಮೊದಲ ಬಾರಿಗಿಂತ 2024ರ ಮರುಬಿಡುಗಡೆಯಲ್ಲಿ ಹೆಚ್ಚು ಜನ ಅದನ್ನು ಚಿತ್ರಮಂದಿರಕ್ಕೇ ಬಂದು ನೋಡಿದರು. ಜನರಿಗೆ ಕತ್ತಲಲ್ಲಿ ಕೂರುವ ಮನಸ್ಸಿಲ್ಲ ಎನ್ನುವುದಕ್ಕೆ ಇದೇ ಉತ್ತರ. ಅದೇ ವರ್ಷ ಮಮ್ಮೂಟ್ಟಿಯವರ 'ಭ್ರಮಯುಗಂ' ಇಡಿಯಾಗಿ ಕಪ್ಪು-ಬಿಳುಪಿನಲ್ಲಿ ಬಂತು. ಕೆಲವೇ ಪಾತ್ರಗಳು, ಒಂದು ಪಾಳು ಮನೆ, ಒಡೆಯನ ಎದುರು ಕುಗ್ಗಿ ಕೂತ ಒಬ್ಬ ಹಾಡುಗಾರ. ಅಧಿಕಾರದ ಎದುರು ಬಾಯಿ ಕಟ್ಟುವ ಭಯ ಎಂಥದ್ದೆಂದು ಇಷ್ಟು ನಿಚ್ಚಳವಾಗಿ ತೋರಿಸಿದ ಚಿತ್ರ ಹಿಂದಿನ ಯಾವ ದಶಕದಲ್ಲೂ ನನಗೆ ಸಿಕ್ಕಿಲ್ಲ.

ಕನ್ನಡದಲ್ಲಿಯೂ ಹೊಸ ದಾರಿ ತೆರೆದಿದೆ. 2013ರ '6-5=2' ದೊಡ್ಡ ತಾರೆಯರಿಲ್ಲದೆ, ಚಾರಣಕ್ಕೆ ಹೋದವರ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯಗಳೆಂಬಂತೆ ಕಥೆ ಹೇಳಿ ಜನರನ್ನು ನಂಬಿಸಿತು. 2025ರ 'ಸು ಫ್ರಮ್ ಸೋ' ಕರಾವಳಿಯ ಹಳ್ಳಿಯ ನಂಬಿಕೆಯನ್ನು ನಗಿಸುತ್ತ ಮುಟ್ಟಿ ಅಪಾರ ಗೆಲುವು ಕಂಡಿತು. ನಮ್ಮ ನೆಲದ ಭಯ ನಮ್ಮವರ ಕಣ್ಣಿಗೆ ಬೀಳುತ್ತಿಲ್ಲ ಎಂಬ ಹಿರಿಯರ ನೋವಿಗೆ ಅಲ್ಲೊಂದು ಸಮಾಧಾನವಿದೆ.

ಬಯಲುಸೀಮೆಯ ಭಯ ಇನ್ನೂ ತೆರೆಗೆ ಬಂದಿಲ್ಲ ಎಂಬುದನ್ನು ಮಾತ್ರ ನಾನು ಪೂರ್ತಿ ಒಪ್ಪುತ್ತೇನೆ. 2001ರಲ್ಲಿ ಮುಚ್ಚಿದ ಕೆಜಿಎಫ್ ಗಣಿ ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಬಂಡೆ ಸಿಡಿದು ಒಳಗೇ ಉಳಿದವರಿದ್ದಾರೆ. ಮೇಲೆ, ಚಿನ್ನ ತೆಗೆದು ಉಳಿದ ಪುಡಿಮಣ್ಣಿನ ಸೈನೈಡ್ ದಿಬ್ಬಗಳಿವೆ. ಗಾಳಿ ಬೀಸಿದಾಗ ಆ ಧೂಳು ಮನೆಯೊಳಗೆ ಬರುತ್ತದೆ. ಗಣಿಯ ಲೈನು ಮನೆಗಳಲ್ಲಿ ಇಂದಿಗೂ ಸಂಸಾರಗಳಿವೆ, ಅವರ ಬಳಿ ಹೇಳಲು ಕಥೆಗಳಿವೆ. ಫಿಲ್ಮಿನ ಸುರುಳಿಗೆ ದುಡ್ಡು ಸುರಿಯಬೇಕಾಗಿದ್ದ 1979ರಲ್ಲಿ ಕೋಲಾರದ ಹುಡುಗನೋ ಹುಡುಗಿಯೋ ಅದನ್ನು ಚಿತ್ರ ಮಾಡುವುದು ಕನಸಿನ ಮಾತಾಗಿತ್ತು. ಈಗ ಅಂಗೈಯಗಲದ ಕ್ಯಾಮೆರಾ ನಿಜವಾದ ರಾತ್ರಿಯನ್ನೇ ಹಿಡಿಯುತ್ತದೆ, ಪಿಸುಮಾತನ್ನೂ ಬಿಡದೆ ಧ್ವನಿಮುದ್ರಿಸಬಹುದು. ನನ್ನ ವಿದ್ಯಾರ್ಥಿಗಳಲ್ಲಿ ಇಬ್ಬರು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಿಂದ ಬರುತ್ತಾರೆ. ಅಜ್ಜಂದಿರು ಗಣಿಗೆ ಇಳಿದ ಕಥೆಯನ್ನು ಮೊದಲು ಬರೆದುಕೊಂಡು ಬನ್ನಿ ಎಂದು ಅವರಿಗೆ ಹೇಳಿದ್ದೇನೆ.